ಎರಡು ಮಿಲಿಮೀಟರ್

ಹಳೆಯಂಗಡಿ
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಮಾತು ಬೇರೆ ಕಡೆ ಹೋಗ್ತದೆ. ಹಾಗಾಗಿ ಬರೆಯಲು ಕೂತೆ.

ನಾವು ಮನೆಯಲ್ಲಿ ಕಟ್ಟುತ್ತಿರುವ ವಿಮಾನದ ಎಡ ರೆಕ್ಕೆಯನ್ನು ನಿನ್ನೆ ಮತ್ತೆ ಕಳಚಿದೆ. ದೀಪಾವಳಿಗೆ ನೀನು ಬಂದಿದ್ದಾಗ ಅದರ ಹಿಂಬದಿಯ ಸ್ಪಾರಿಗೆ, ಅಂದರೆ ರೆಕ್ಕೆಯೊಳಗಿನ ಉದ್ದ ತೊಲೆಗೆ, ನಾನು ಕೊರೆದ ತೂತು ಸರಿ ಇಲ್ಲ. ನೀನು ಹೇಳಿದ್ದೇ ಸರಿ.

ಆ ದಿನ ಅಂಗಳದಲ್ಲಿ ಎಷ್ಟು ಚಂದ ಕೆಲಸ ಸಾಗಿತ್ತು ನೋಡು. ಅಡಿಕೆ ಒಂದು ಬದಿಗೆ ಸರಿಸಿ, ಎರಡೂ ರೆಕ್ಕೆ ಜೋಡಿಸಿ, ಎದುರಂಚಿನಿಂದ ನಾಲ್ಕು ತೂಗುಗುಂಡು ಇಳಿಬಿಟ್ಟಿದ್ದೆವು. ಕಡಲ ಗಾಳಿಗೆ ಅವು ಓಲಾಡ್ತಾ ಇದ್ದಾಗ, ಒಂದೊಂದರ ಕೆಳಗೂ ನೀರಿನ ಡಬ್ಬಿ ಇಟ್ಟು ಗುಂಡು ಮುಳುಗಿಸಿದ್ದು ನೀನು. ಗುಂಡು ನಿಂತಿತು. ನಾಲ್ಕೂ ದಾರ ಒಂದೇ ಗೆರೆಯಲ್ಲಿ ಬಂದವು. ರೆಕ್ಕೆ ತುದಿಯಿಂದ ಬಾಲಕ್ಕೆ ಟೇಪು ಹಿಡಿದರೆ ಎಡಕ್ಕೂ ಬಲಕ್ಕೂ ಒಂದೇ ಅಳತೆ. ರಸಮಟ್ಟದ ಗುಳ್ಳೆಯೂ ನಡುವಿಗೆ ಬಂತು.

ಮುಖ್ಯ ಸ್ಪಾರಿನ ತೂತುಗಳು ಕಿಟ್ಟಿನಲ್ಲೇ, ಅಂದರೆ ಕಂಪೆನಿ ಕಳಿಸುವ ಬಿಡಿಭಾಗಗಳಲ್ಲೇ, ಕೊರೆದು ಬರ್ತವೆ. ಹಿಂದಿನ ಸ್ಪಾರಿನ ತೂತನ್ನು ಮಾತ್ರ ಕಟ್ಟುವವರಿಗೆ ಬಿಡ್ತಾರೆ. ರೆಕ್ಕೆ ಎಷ್ಟು ಓರೆ ಕೂರಬೇಕು, ಎಷ್ಟು ಹಿಂದೆ ಮುಂದೆ ಇರಬೇಕು ಎಂಬುದು ಆ ಒಂದು ತೂತಿನಲ್ಲಿ ಶಾಶ್ವತವಾಗಿ ನಿಶ್ಚಯ ಆಗ್ತದೆ. ಹಾರುವಾಗ ರೆಕ್ಕೆಯನ್ನು ಮೇಲೆ ಬಾಗಿಸುವ ಭಾರ ಮುಖ್ಯ ಸ್ಪಾರಿನದ್ದು. ರೆಕ್ಕೆ ತಿರುಚಿಕೊಳ್ಳದ ಹಾಗೆ, ಗಾಳಿಗೆ ಹಿಂದಕ್ಕೆ ಜಗ್ಗದ ಹಾಗೆ ಹಿಡಿಯುವುದು ಹಿಂದಿನದ್ದು. ಅದನ್ನು ಬಾಡಿಗೆ ಬಿಗಿಯುವುದು 5/16 ಇಂಚಿನ ಒಂದು ಬೋಲ್ಟು!

ನೀನು ಸ್ಟೀಲ್ ಸ್ಕೇಲ್ ಇಟ್ಟು ನೋಡಿ, "ಅಪ್ಪ, ಬಾಡಿ ಕಡೆಯ ಪಟ್ಟಿಯಲ್ಲಿ ಅಂಚು ಸಾಲುವುದಿಲ್ಲ, ಇವತ್ತು ಕೊರೆಯುವುದು ಬೇಡ" ಎಂದಿ. ಎಡ ರೆಕ್ಕೆ ಬಿಸಿಲಲ್ಲಿ, ಬಲದ್ದು ಮಾವಿನ ನೆರಳಲ್ಲಿ ಉಂಟು, ನಾಳೆ ಬೆಳಿಗ್ಗೆ ಆರಕ್ಕೆ ಇನ್ನೊಮ್ಮೆ ಅಳೆಯುವ ಅಂತಲೂ ಹೇಳಿದಿ. ರೆಕ್ಕೆ ಎತ್ತಲು ಬಂದವರು ಕಾಯ್ತಾ ನಿಂತಿದ್ದರು. ಅವರೆದುರು ನಿನಗೆ "ಸುಮ್ಮನಿರು" ಎಂದೆ. ನೀನು ಸ್ಕೇಲನ್ನು ಜೇಬಿಗೆ ಹಾಕಿ ಒಳಗೆ ಹೋದಿ. ನಾನು ಕೊರೆದೆ.

ಆ ಮಾತು ನನ್ನ ಬಾಯಿಯಿಂದ ಬರಬಾರದಿತ್ತು. ಒಂಬತ್ತನೇ ಕ್ಲಾಸಿನಿಂದ ತಗಡಿನ ಆಚೆ ಬದಿಯಲ್ಲಿ ಬಕಿಂಗ್ ಬಾರ್, ರಿವೆಟಿನ ಬಾಲಕ್ಕೆ ಒತ್ತಿ ಹಿಡಿಯುವ ಆ ಕಬ್ಬಿಣದ ತುಂಡು, ಹಿಡಿದು ಕೂತವಳು ನೀನು. ಈಚೆಯಿಂದ ನಾನು ಗನ್ ಹೊಡೆದರೆ ನನಗೆ ಕಾಣುವುದು ರಿವೆಟಿನ ತಲೆ ಮಾತ್ರ. ಬಾಲ ಸರಿಯಾಗಿ ಅರಳಿತಾ ಇಲ್ಲವಾ ಎಂದು ನೋಡಿ ಹೇಳ್ತಿದ್ದವಳು ನೀನೇ. ಈ ವಿಮಾನದ ಅರ್ಧ ಭಾಗವನ್ನು ನಾನು ನಿನ್ನ ಕಣ್ಣಿನಿಂದಲೇ ಕಟ್ಟಿದ್ದು.

ಬಿಸಿಲಿನ ಲೆಕ್ಕ ಹಾಕಿದೆ. ಮೂರು ಮೀಟರ್ ಅಲ್ಯೂಮಿನಿಯಂ 10 ಡಿಗ್ರಿ ಬಿಸಿಯಾದರೆ ಸುಮಾರು 0.7 ಮಿ.ಮೀ. ಬೆಳೀತದೆ. ಮೊನ್ನೆ ಬೆಳಕು ಹರಿಯುವಾಗ ಪುನಃ ದಾರ ಇಳಿಬಿಟ್ಟೆ, ಗೆರೆ ತಪ್ಪಿರಲಿಲ್ಲ. ಅಷ್ಟು ಸಮಾಧಾನ. ಅಂಚಿನ ವಿಷಯ ಮಾತ್ರ ನೀನು ಹೇಳಿದ ಹಾಗೆಯೇ. ತೂತಿನ ಮಧ್ಯದಿಂದ ಅಂಚಿಗೆ ಬೋಲ್ಟಿನ ದಪ್ಪದ ಎರಡರಷ್ಟಾದರೂ ಬೇಕು, ಅಂದರೆ 5/8 ಇಂಚು, 16 ಮಿ.ಮೀ.ಗೆ ಕೂದಲೆಳೆ ಕಡಿಮೆ. ಇರುವುದು 14. ಸಲೀಸಾಗಿ ಕೂರಲಿ ಅಂತ ಆ ಪಟ್ಟಿಯ ಮೂಲೆಯನ್ನು ಹಿಂದೆ ಅರದಿಂದ ಉಜ್ಜಿದ್ದು ನಾನೇ, ಉಜ್ಜಿದ ಮೇಲೆ ಅಳೆಯಲಿಲ್ಲ. ಅಂಗಿಯ ಕಾಜ ಅಂಚಿಗೆ ಹತ್ತಿರ ಹೊಲಿದರೆ ಗುಂಡಿ ಎಳೆದಾಗ ಬಟ್ಟೆ ಹರಿಯುವುದಿಲ್ಲವಾ, ಹಾಗೆಯೇ ಇದೂ.

ಇನ್ನೊಂದನ್ನೂ ಹೇಳಬೇಕು. ನೀನು ಹೊರಟ ದಿನವೇ ಅಳೆದಿದ್ದೆ. ಬೋಲ್ಟು ಹಾಕಿ ಸಂದು ಮುಚ್ಚುವ ಫೇರಿಂಗ್ ಹೊದಿಕೆ ಮೇಲೆ ಕೂರಿಸಿದರೆ ಆ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಆ ಸೀಟಿನಲ್ಲಿ ನನ್ನ ಪಕ್ಕ ಕೂರುವವಳು ನೀನು ಎಂಬ ಯೋಚನೆ ಬಂದ ರಾತ್ರಿ ಎದ್ದು ಕೂತು, ಕಿಟ್ಟಿನ ಎಂಜಿನಿಯರುಗಳಿಗೆ ಅಳತೆ, ಫೋಟೋ ಎಲ್ಲ ಕಳಿಸಿದೆ. ಪಟ್ಟಿ ಬದಲಿಸಬೇಕು ಎಂದು ಉತ್ತರ ಬಂತು. ರೆಕ್ಕೆ ಕಡೆಯ ತೂತಿಗೆ ಅಂಚು ಸಾಕಷ್ಟು ಉಂಟು, ಅದು ಹಾಗೆಯೇ ಇರ್ತದೆ. ಈಗ ಹಳೇ ಪಟ್ಟಿಯ ರಿವೆಟುಗಳ ತಲೆಯನ್ನು ಒಂದೊಂದಾಗಿ ಕೊರೆದು ತೆಗೀತಾ ಇದ್ದೇನೆ. ಅವಸರ ಮಾಡಿದರೆ ತೂತು ಅಗಲ ಆಗ್ತದೆ, ಅದಕ್ಕೆ ದಿನಕ್ಕೆ ಐದಾರು ಮಾತ್ರ.

ಹೊಸ ಪಟ್ಟಿಗೆ ಎರಡೂ ಮುಖಕ್ಕೆ ತುಕ್ಕು ತಡೆಯುವ ಪ್ರೈಮರ್ ಬಳಿಯುತ್ತೇನೆ. ಒಳಗಿನದ್ದು ಯಾರಿಗೆ ಕಾಣ್ತದೆ ಅಂತ ಸಣ್ಣವಳಿದ್ದಾಗ ಕೇಳಿದ್ದಿ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737ರ ಮಾಡು ಆಕಾಶದಲ್ಲಿ ಕಿತ್ತುಹೋಯಿತು, ಗಗನಸಖಿಯೊಬ್ಬರು ತೀರಿಹೋದರು. ದ್ವೀಪದಿಂದ ದ್ವೀಪಕ್ಕೆ ಉಪ್ಪುಗಾಳಿಯಲ್ಲಿ ಹಾರಿದ ವಿಮಾನ ಅದು. ತಗಡಿನ ಜೋಡಣೆಯಲ್ಲಿ ತುಕ್ಕು ಕೂತು, ರಿವೆಟಿನ ತೂತುಗಳಿಂದ ಬಿರುಕು ಹರಡಿತ್ತು. ನಮ್ಮ ಅಂಗಳಕ್ಕೂ ಬರುವುದು ಅಂಥದ್ದೇ ಗಾಳಿ.

ಎತ್ತಲು ಬಂದಿದ್ದವರು, ಇದಕ್ಕೆಲ್ಲ ಸರ್ಕಾರದ ಪರ್ಮಿಷನ್ ಸಿಗ್ತದಾ ಅಂತ ಇನ್ನೂ ಕೇಳ್ತಾರೆ. ಕ್ಯಾಪ್ಟನ್ ಅಮೋಲ್ ಯಾದವ್ ಮುಂಬೈಯ ಮನೆಯ ತಾರಸಿಯಲ್ಲಿ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ಸಿಕ್ಕಿತು ಎಂದು ಹೇಳ್ತೇನೆ. ಅವರೆದುರಿಗೇ ನಿನ್ನೆ ಇದನ್ನೂ ಹೇಳಿದೆ: ಮಗಳು ಬೇಡ ಎಂದಿದ್ದಳು, ನಾನು ಕೇಳಲಿಲ್ಲ.

ಪಟ್ಟಿ ಬಂದರೂ ಕೊರೆಯುವುದಿಲ್ಲ. ಡಿಸೆಂಬರ್ ರಜೆಯಲ್ಲಿ ನೀನು ಬಂದ ಮಾರನೇ ದಿನ ಬೆಳಿಗ್ಗೆ ಆರಕ್ಕೆ, ಗಾಳಿ ಏಳುವ ಮೊದಲು ಅಳೆಯುವ. ಗುರುತು ನೀನೇ ಹಾಕು. ಡಬ್ಬಿಗಳನ್ನು ಅಮ್ಮ ತೊಳೆದು ಇಟ್ಟಿದ್ದಾಳೆ. ಆ ಸ್ಟೀಲ್ ಸ್ಕೇಲ್ ನಿನ್ನ ಬ್ಯಾಗಿನಲ್ಲೇ ಹೋಗಿದೆ, ಬರುವಾಗ ತಾ.

ಇತಿ,
ಅಪ್ಪ