ಮುನ್ನಿಗೊಂದು ಮನೆ ಬೇಕು: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರೂ ನೀವೇ. ಅದಕ್ಕೇ ಈ ಪತ್ರ ನಿಮಗೆ. ಕಾಯಿಲೆ ಬಿದ್ದ ಒಂದು ಬೆಕ್ಕಿನ ವಿಷಯ ಹೇಳಬೇಕಿದೆ, ಅದರ ಜೊತೆಗೆ ಅಂಥ ಎಲ್ಲ ಬೆಕ್ಕುಗಳದ್ದೂ.

ನಮ್ಮ ಧಾನ್ಯದ ಮಾರುಕಟ್ಟೆ ಗಂಜ್‌ನಲ್ಲಿ ತೊಗರಿ ಚೀಲಗಳನ್ನು ಇಲಿಗಳಿಂದ ಕಾಯುವುದು ಬೆಕ್ಕುಗಳೇ. ಹಮಾಲರು ತಮ್ಮ ಬುತ್ತಿಯಿಂದ ಒಂದು ಚೂರು ರೊಟ್ಟಿ ಹಾಕುತ್ತಾರೆ, ಹಾಗೆ ಬದುಕುತ್ತವೆ. ಅವುಗಳಲ್ಲಿ ಬೂದು ಪಟ್ಟೆಯ ಹೆಣ್ಣು ಬೆಕ್ಕೊಂದು ಸೊರಗಿ ಗೋಡೆ ಬದಿಗೆ ಬಿದ್ದಿತ್ತು. ಹಮಾಲರೊಬ್ಬರು ಗೋಣಿಚೀಲದಲ್ಲಿ ಸುತ್ತಿ ನನಗೆ ತಂದುಕೊಟ್ಟರು. ಮುನ್ನಿ ಅಂತ ಹೆಸರಿಟ್ಟವರೂ ಅವರೇ. ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ, ಜಾಸ್ತಿ ಬಂತು. ಕಿಡ್ನಿ ಕಾಯಿಲೆ. ಪೂರ್ತಿ ವಾಸಿಯಾಗುವಂಥದ್ದಲ್ಲ.

ಹಾಗಂದ ಕೂಡಲೇ ಜನ ಕಥೆ ಮುಗೀತು ಅಂದುಕೊಳ್ಳುತ್ತಾರೆ. ಬೇಗ ಗೊತ್ತಾಗಿ ಆರೈಕೆ ಸಿಕ್ಕರೆ ಇಂಥ ಬೆಕ್ಕುಗಳು ವರ್ಷಗಟ್ಟಲೆ ಆರಾಮಾಗಿ ಬಾಳಬಲ್ಲವು. ಈ ಕಾಯಿಲೆ ಮನುಷ್ಯರಿಗೆ ಅಂಟಲ್ಲ, ಬೇರೆ ಬೆಕ್ಕಿಗೂ ಅಂಟಲ್ಲ. ರಂಜಕ ಕಡಿಮೆ ಇರುವ ಆಹಾರ, ಮನೆಯಲ್ಲಿ ಅಲ್ಲಲ್ಲಿ ನೀರಿನ ಬಟ್ಟಲು, ವೈದ್ಯರು ಹೇಳಿದಾಗ ಚರ್ಮದ ಕೆಳಗೆ ಸಲೈನ್. ಸೋತ ಕಿಡ್ನಿಗೆ ನೀರು ಹಿಡಿದಿಡಲು ಆಗಲ್ಲ, ಕುಡಿದದ್ದೆಲ್ಲ ಮೂತ್ರವಾಗಿ ಹೋಗುತ್ತದೆ. 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳ ಬಿಸಿಲಲ್ಲಿ ಅಂಥ ಜೀವ ಬೀದಿಯಲ್ಲಿ ಹೇಗೆ ಉಳಿಯಬೇಕು, ನೀವೇ ಹೇಳಿ.

ಸಲೈನ್ ಅಂದರೆ ಎಲ್ಲರೂ ಹೆದರುತ್ತಾರೆ. ಕಲಿತರೆ ಕಷ್ಟವಿಲ್ಲ. ಬಾಟಲಿಯನ್ನು ಕಿಟಕಿ ಸರಳಿಗೆ ನೇತುಹಾಕಬೇಕು. ಭುಜಗಳ ನಡುವಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಮೇಲೆತ್ತಿ ಸೂಜಿ ಹಾಕಬೇಕು. ಬೆನ್ನ ಮೇಲೆ ನೀರಿನ ಗಂಟು ಏಳುತ್ತದೆ, ಒಮ್ಮೊಮ್ಮೆ ಮುಂಗಾಲಿಗೆ ಜಾರುತ್ತದೆ, ಆಮೇಲೆ ನಿಧಾನಕ್ಕೆ ಕರಗುತ್ತದೆ. ಅಷ್ಟು ಹೊತ್ತೂ ಮುನ್ನಿ ನನ್ನ ಸೆರಗನ್ನು ಉಗುರಲ್ಲಿ ಹಿಡಿದು ಕೂತಿರುತ್ತಾಳೆ. ಮರುದಿನ ಯಾರೂ ಕರೆಯದೆ ತಾನೇ ತಟ್ಟೆ ಹತ್ತಿರ ಬರುತ್ತಾಳೆ. ಅದನ್ನು ನೋಡಿದವರಿಗೆ ಇವಳನ್ನು ಕೈಬಿಡಲು ಮನಸ್ಸು ಬರಲ್ಲ.

ನಮ್ಮ ಮನೆಯಲ್ಲಿ ಉಬ್ಬಸದವರಿದ್ದಾರೆ. ಹಾಗಾಗಿ ಮುನ್ನಿಯನ್ನು ಒಳಗೆ ಇಟ್ಟುಕೊಳ್ಳಲು ಆಗಲ್ಲ, ಸದ್ಯಕ್ಕೆ ಅವಳು ಹಿತ್ತಲ ಕೋಣೆಯಲ್ಲಿದ್ದಾಳೆ. ಸಾಕಿಕೊಳ್ಳೋಣ ಅಂತ ಬಂದು ನೋಡಿದವರು ಸುಮಾರು ಜನ. ಸೇಡಂ ರಸ್ತೆ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಅವಳನ್ನು ತೊಡೆಯಿಂದ ಇಳಿಸಲೇ ಇಲ್ಲ. ಹೊರಡುವಾಗ ಕೇಳಿದರು, "ನಾಳೆ ನನಗೇ ಏನಾದ್ರೂ ಆದ್ರೆ ಇದನ್ನ ಯಾರು ನೋಡ್ತಾರವ್ವಾ?" ನಾನು ಏನಂತ ಹೇಳಲಿ? ಬಂದವರೆಲ್ಲರೂ ಬೇರೆ ಬೇರೆ ಮಾತಲ್ಲಿ ಕೇಳಿದ್ದು ಇದನ್ನೇ. ಬಾಡಿಗೆ ಮನೆ ಬದಲಾದರೆ? ವರ್ಗವಾದರೆ? ಔಷಧಿಗೆ ದುಡ್ಡು ಸಾಲದಿದ್ದರೆ?

ಇದಕ್ಕೆ ಉತ್ತರ ಕೊಡುವ ಅಧಿಕಾರ ನಿಮ್ಮ ಕೈಯಲ್ಲಿದೆ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು, ಅದರ ಚಿಕಿತ್ಸಾಲಯ ಮತ್ತು ಆಶ್ರಯಕ್ಕೆ ಸರ್ಕಾರ ಜಾಗ ಕೊಡಬೇಕು, ಅಲ್ಲಿ ಪೂರ್ಣಾವಧಿ ಪಶುವೈದ್ಯರು ಇರಬೇಕು ಅಂತ 2001ರ ಕೇಂದ್ರದ ನಿಯಮಗಳೇ ಹೇಳುತ್ತವೆ. ಆ ಆಶ್ರಯದಲ್ಲಿ ಬೆಕ್ಕುಗಳಿಗಾಗಿ ಒಂದು ಪ್ರತ್ಯೇಕ ಕೋಣೆ ಮೀಸಲಿಡಿ. ನಾಯಿ ಬೊಗಳುವ ಸದ್ದಿಗೇ ಕಾಯಿಲೆಯ ಬೆಕ್ಕು ಊಟ ಬಿಡುತ್ತದೆ. ಕಾಯಿಲೆಯ ಪ್ರಾಣಿಯನ್ನು ಸಾಕಲು ಒಪ್ಪಿದವರಿಗೆ ಸಂಘದ ಮುದ್ರೆ ಹಾಕಿ ಒಂದು ಮಾತು ಬರೆದುಕೊಡಿ: ನಿಮಗೆ ಆಗದ ದಿನ ನಾವು ವಾಪಸ್ ತಗೋತೀವಿ. ಆ ಒಂದು ಕಾಗದ ಇದ್ದಿದ್ದರೆ ಮುನ್ನಿ ಈಗ ಆ ಟೀಚರಮ್ಮನ ಮನೆಯಲ್ಲಿ ಇರುತ್ತಿದ್ದಳು.

ಪಕ್ಕದ ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. 2017ರಿಂದ ಅಲ್ಲಿಗೆ ನೇರ ರೈಲು ಮಾರ್ಗವೂ ಇದೆ. ಆದರೆ ಬುಟ್ಟಿಯಲ್ಲಿ ನಡುಗುವ ಬೆಕ್ಕನ್ನು ಕೂರಿಸಿಕೊಂಡು ಸುಮಾರು 110 ಕಿಲೋಮೀಟರ್ ಹೋಗುವುದು ಎಲ್ಲರಿಗೂ ಆಗಲ್ಲ ಅಲ್ವಾ? ಅಲ್ಲಿನ ವೈದ್ಯರು ತಿಂಗಳಿಗೊಮ್ಮೆ ಕಲಬುರಗಿಗೆ ಬಂದು ಬೆಕ್ಕುಗಳನ್ನು ನೋಡಿ, ಸಾಕುವವರಿಗೆ ಸಲೈನ್ ಹಾಕುವುದನ್ನು ಕಲಿಸಿಕೊಟ್ಟರೆ ದೊಡ್ಡ ಉಪಕಾರ. ನೀವು ಒಂದು ಪತ್ರ ಬರೆದರೆ ಅದಕ್ಕೆ ತೂಕ ಇರುತ್ತದೆ.

ಹೊಲದ ಜೋಳವನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರು ಅಂತ ಶರಣಬಸವೇಶ್ವರರ ಕಥೆ ಹೇಳುವ ಊರು ನಮ್ಮದು. ಇಲ್ಲಿ ಕೇಳಿದರೆ ಸಿಗುತ್ತದೆ ಅನ್ನೋ ನಂಬಿಕೆಯಿಂದಲೇ ಕೇಳುತ್ತಿದ್ದೇನೆ.

ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಿ. ಕರೆದರೆ ಬರುತ್ತೇನೆ. ಮುನ್ನಿಯ ರಕ್ತ ಪರೀಕ್ಷೆಯ ವರದಿಗಳನ್ನೂ ತರುತ್ತೇನೆ. ಬೇಸಿಗೆಗೆ ಮುಂಚೆ ಆದರೆ ಒಳ್ಳೆಯದು.

ಇಂತಿ,
ಕಲಬುರಗಿಯ ಒಬ್ಬ ನಿವಾಸಿ