ಪೋಷಕರಿಗೊಂದು ಪತ್ರ: ಟ್ಯಾಂಕ್ ಖಾಲಿ ಮಾಡಿದ್ದು ನಾನೇ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ಸೋಮವಾರ ಶಾಲೆಯಲ್ಲಿ ನೀರಿಲ್ಲದೆ ಮಕ್ಕಳು ಕಷ್ಟಪಟ್ಟರು. ಮಧ್ಯಾಹ್ನ ಟ್ಯಾಂಕರ್ ಬರುವ ತನಕ ಶೌಚಾಲಯಕ್ಕೂ ನೀರಿರಲಿಲ್ಲ. ಇದು ನಿಮ್ಮಲ್ಲಿ ಬಹಳ ಜನಕ್ಕೆ ಮಕ್ಕಳಿಂದ ಗೊತ್ತಾಗಿದೆ. ಬುಧವಾರ ಪ್ರಾರ್ಥನೆ ಹೊತ್ತಿನಲ್ಲಿ ನಾನು ಕ್ಷಮೆ ಕೇಳಿದ್ದೂ ಗೊತ್ತಾಗಿದೆ. ಆಮೇಲೆ ಆರೇಳು ಫೋನ್ ಬಂದವು. ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಹೆಡ್ ಮಿಸ್ಸೇ ಸಾರಿ ಕೇಳಿದ್ರೆ ನಾಳೆ ಮಕ್ಕಳು ನಿಮ್ಮ ಮಾತು ಕೇಳ್ತಾರಾ ಮೇಡಂ?" ಅಂದರು. ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಕಾಫಿ ಕುಡಿಯುತ್ತಾ ಓದಿ.

ನಡೆದಿದ್ದು ಇಷ್ಟು. ಶನಿವಾರ ಬೆಳಗಿನ ಶಾಲೆ ಮುಗಿದಿತ್ತು. ಇಕೋ ಕ್ಲಬ್ಬಿನ ಮಕ್ಕಳು ಕಾಂಪೌಂಡ್ ಪಕ್ಕದ ಗಿಡಗಳಿಗೆ ನೀರು ಬಿಡುತ್ತಿದ್ದರು. ಆರನೇ ತರಗತಿಯ ಒಬ್ಬ ಹುಡುಗಿಯ ಕೈಯಲ್ಲಿ ಪೈಪು ಇತ್ತು, ಹೊರಗೆ ಅವಳ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. "ನೀನು ಹೊರಡು ಪುಟ್ಟಿ, ನಾನು ಆಫ್ ಮಾಡ್ತೀನಿ" ಅಂದು ಪೈಪನ್ನು ಇಸಿದುಕೊಂಡು ಕರಿಬೇವಿನ ಗಿಡದ ಬುಡಕ್ಕೆ ಹಾಕಿದೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಲೇ ಆಫೀಸ್ ರೂಮಿಗೆ ಹೋದೆ, ರಿಜಿಸ್ಟರಿಗೆ ಸಹಿ ಹಾಕಿದೆ, ಬೀಗ ಹಾಕಿಸಿ ಮನೆಗೆ ಹೊರಟೆ. ನಲ್ಲಿ ನೆನಪೇ ಆಗಲಿಲ್ಲ.

ನಮ್ಮದು ಆಟೋಮ್ಯಾಟಿಕ್ ಮೋಟಾರು. ಟ್ಯಾಂಕಿನಲ್ಲಿ ನೀರು ಇಳಿದ ಹಾಗೆಲ್ಲ ಅದು ಸಂಪಿನ ನೀರನ್ನು ಎತ್ತಿ ಎತ್ತಿ ಹಾಕಿದೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಮೇಲೆ ಟ್ಯಾಂಕೂ ಖಾಲಿ, ಕೆಳಗೆ ಸಂಪೂ ಖಾಲಿ. ಕರಿಬೇವಿನ ಗಿಡದ ಸುತ್ತ ಮಾತ್ರ ಗದ್ದೆ ಥರ ಕೆಸರು.

ನನಗೆ ಪಿತ್ತ ನೆತ್ತಿಗೇರಿತು. ಇಕೋ ಕ್ಲಬ್ ಲೀಡರ್ ಆಗಿರುವ ಏಳನೇ ತರಗತಿ ಹುಡುಗನನ್ನು ಪ್ರಾರ್ಥನೆ ಸಾಲಿನಿಂದ ಮುಂದೆ ಕರೆದೆ. ಇಡೀ ಶಾಲೆ ನೋಡುತ್ತಿರುವಾಗ ಬೈದೆ. "ಈ ಚಂದಕ್ಕೆ ಬ್ಯಾಡ್ಜ್ ಬೇರೆ ಕೇಡು" ಅಂದೆ. ಅವನು ಬಾಯಿ ಬಿಡಲಿಲ್ಲ. ಬ್ಯಾಡ್ಜಿನ ಪಿನ್ನನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದ.

2024ರ ಮಾರ್ಚ್ ನಿಮಗೆ ನೆನಪಿರಬೇಕು. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಕಾದು ಕೂತಿದ್ದ ಬೇಸಿಗೆ. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆಗ ಆದೇಶ ಮಾಡಿತ್ತು. ಆ ಆದೇಶವನ್ನು ಪ್ರಾರ್ಥನೆಯಲ್ಲಿ ಓದಿ, ಒಂದೊಂದು ಹನಿಯ ಲೆಕ್ಕ ಹೇಳಿ, ಇದೇ ಮಕ್ಕಳಿಗೆ ಉದ್ದುದ್ದ ಭಾಷಣ ಮಾಡಿದವಳೂ ನಾನೇ.

ಸೋಮವಾರ ಊಟದ ಹೊತ್ತಿಗೆ, ಶನಿವಾರ ಪೈಪು ಹಿಡಿದಿದ್ದ ಆ ಹುಡುಗಿ ನನ್ನ ರೂಮಿನ ಬಾಗಿಲಿಗೆ ಬಂದಳು. ಹಿಂದಿನಿಂದ ಗೆಳತಿ ತಳ್ಳುತ್ತಿದ್ದಳು. "ಮಿಸ್, ಶನಿವಾರ... ನೀವೇ ಆಫ್ ಮಾಡ್ತೀನಿ ಅಂದಿದ್ರಿ."

ಅವಳು ಹೇಳಿದ ತಕ್ಷಣ ಎಲ್ಲಾ ನೆನಪಾಯಿತು. ಆದರೆ ನನ್ನ ಬಾಯಿಂದ ಬಂದಿದ್ದು ಏನು ಗೊತ್ತಾ? "ಆಮೇಲೆ ಯಾರೋ ಮತ್ತೆ ತಿರುಗಿಸಿರಬೇಕು ಬಿಡು." ಅವಳು "ಹೂಂ ಮಿಸ್" ಅಂತ ಹೊರಟುಹೋದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆಯನ್ನು ಎಷ್ಟು ಬ್ಯಾಚಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಅವತ್ತು ನಾನೇ ಆ ಕುಣಿಯಲಾರದವಳು.

ಮಂಗಳವಾರವೂ ಸುಮ್ಮನಿದ್ದೆ. ಮೀಟಿಂಗ್ ಇತ್ತು, ಕೆಲಸ ಜಾಸ್ತಿ ಇತ್ತು, ಹೀಗೆ ನನಗೆ ನಾನೇ ಹೇಳಿಕೊಂಡೆ. ಸಂಜೆ ತಡೆಯಲಾರದೆ ಆ ಹುಡುಗನ ಮನೆಗೆ ಫೋನ್ ಮಾಡಿದೆ. "ಏನಾಯ್ತು ಮಿಸ್? ಅವನು ಮನೇಲಿ ಏನೂ ಹೇಳಲೇ ಇಲ್ವಲ್ಲ" ಅಂದರು ಅವನ ಅಮ್ಮ. ಮಾಡದ ತಪ್ಪಿಗೆ ಬೈಸಿಕೊಂಡು ಹುಡುಗ ಎರಡು ದಿನ ಯಾರಿಗೂ ಹೇಳದೆ ಇದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬುಧವಾರ ಪ್ರಾರ್ಥನೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಿದೆ. "ಯಾರೋ ತಿರುಗಿಸಿರಬೇಕು" ಅಂದ ಸುಳ್ಳನ್ನೂ ಸೇರಿಸಿ. ಆ ಹುಡುಗನ ಹತ್ತಿರ ಎಲ್ಲರ ಎದುರಿಗೇ ಕ್ಷಮೆ ಕೇಳಿದೆ, ಬೈದಿದ್ದು ಎಲ್ಲರ ಎದುರಿಗೆ ತಾನೆ. ಟ್ಯಾಂಕರಿನ ದುಡ್ಡನ್ನು ಶಾಲೆಯ ಲೆಕ್ಕಕ್ಕೆ ಹಾಕದೆ ನಾನೇ ಕೊಟ್ಟೆ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನು ಮಾತ್ರ ನಿಷೇಧಿಸಿಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇದನ್ನು ನಮ್ಮ ಶಿಕ್ಷಕರಿಗೆ ಪ್ರತಿ ಜೂನ್‌ನಲ್ಲಿ ಓದಿ ಹೇಳುವುದು ನನ್ನ ಕೆಲಸ. ಇಡೀ ಶಾಲೆಯ ಮುಂದೆ ಒಂದು ಮಗುವಿನ ಮಾನ ಕಳೆದದ್ದು ಯಾವ ಸಾಲಿಗೆ ಬರುತ್ತದೆ ಅಂತ ನನಗೆ ಬೇರೆಯವರು ಹೇಳಬೇಕಾಗಿಲ್ಲ.

ಈಗ ಫೋನ್ ಮಾಡಿದವರ ಪ್ರಶ್ನೆ. ಮಕ್ಕಳು ಮಾತು ಕೇಳುತ್ತಾರಾ? ಗುರುವಾರ ಮಾಮೂಲಿನಂತೆ ಕೇಳಿದರು, ಮಾಮೂಲಿನಂತೆ ಗಲಾಟೆಯನ್ನೂ ಮಾಡಿದರು. ಒಬ್ಬ ಹುಡುಗ ಮಾತ್ರ ಎರಡು ವರ್ಷದ ಹಿಂದೆ ಲೈಬ್ರರಿಯಿಂದ ಒಯ್ದ ಪುಸ್ತಕವನ್ನು ತಂದು ನನ್ನ ಟೇಬಲ್ ಮೇಲಿಟ್ಟು ಓಡಿಹೋದ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ನಾನು ಕೇಳಲಿಲ್ಲ.

ನನಗೆ ಭಯ ಇರುವುದು ಬೇರೆ ಕಡೆ. ನಮ್ಮ ಮಕ್ಕಳಿಗೆ "ಸಾರಿ" ತುಂಬಾ ಸಲೀಸಾಗಿದೆ. ತಪ್ಪು ಏನು ಅಂತ ಕೇಳುವ ಮೊದಲೇ "ಸಾರಿ ಮಿಸ್" ಬಂದಿರುತ್ತದೆ. ಅಲ್ಲಿಗೆ ಮಾತು ಮುಗಿಯಲಿ ಅಂತ. ಅದೇ ಮಗುವನ್ನು "ಏನಾಯ್ತು ಹೇಳು, ಮೊದಲಿಂದ ಹೇಳು" ಅಂದರೆ ತಡವರಿಸುತ್ತದೆ. ಅಲ್ಲಿ ನಿಜ ಹೇಳಬೇಕಾಗುತ್ತದಲ್ಲ.

2023ರ ಆಗಸ್ಟ್ 23ರ ಸಂಜೆ ನಿಮ್ಮಲ್ಲಿ ಕೆಲವರೂ ನಮ್ಮ ಹಾಲ್‌ನಲ್ಲಿ ಕೂತಿದ್ದಿರಿ. 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಪ್ಲಾಸ್ಟಿಕ್ ಕುರ್ಚಿ ಮೇಲೆ ಹತ್ತಿ ಕುಣಿದವರಲ್ಲಿ ಅಪ್ಪಂದಿರೂ ಇದ್ದರು. ಅದಕ್ಕೂ ನಾಲ್ಕು ವರ್ಷ ಹಿಂದೆ, 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ನಮ್ಮ ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಎಲ್ಲರೂ ಸ್ಕ್ರೀನ್ ನೋಡುತ್ತಿರುವಾಗಲೇ ಚಂದ್ರಯಾನ-2ರ ಲ್ಯಾಂಡರ್‌ನ ಸಂಪರ್ಕ ಕಡಿದುಹೋಗಿತ್ತು. ಎಲ್ಲಿ ಎಡವಿದೆವು ಅನ್ನುವುದನ್ನು ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಅವರು 2023ರಲ್ಲಿ ಬಿಡಿಸಿ ಹೇಳಿದರು. ಎಂಜಿನ್‌ಗಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಲ ಹಾಕಿದವು. ಬೇಗ ತಿರುಗಬೇಕಾದಾಗ ಲ್ಯಾಂಡರ್‌ಗೆ ಅಷ್ಟು ಬೇಗ ತಿರುಗಲು ಅದರ ಸಾಫ್ಟ್‌ವೇರ್ ಬಿಡಲಿಲ್ಲ. ಇಳಿಯಲು ಗುರುತು ಮಾಡಿದ್ದ ಜಾಗವೂ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಮುಂದಿನ ಸಲ ಆ ಜಾಗ 4 ಕಿಲೋಮೀಟರಿಗೆ 2.4 ಕಿಲೋಮೀಟರ್ ಆಯಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು, ನಡುವಿನ ಐದನೇ ಎಂಜಿನ್ನನ್ನು ತೆಗೆದೇಬಿಟ್ಟರು. ಏನೇನು ಕೆಡಬಹುದು ಅನ್ನುವುದನ್ನೇ ಮೊದಲು ಲೆಕ್ಕ ಹಾಕಿ ಕಟ್ಟಿದ ಲ್ಯಾಂಡರ್ ಅದು. 2019ರಲ್ಲಿ "ನಮ್ಮ ಗ್ರಹಚಾರ" ಅಂದು ಕೈ ತೊಳೆದುಕೊಂಡಿದ್ದರೆ ನಮ್ಮ ಹಾಲ್‌ನಲ್ಲಿ ಅವತ್ತು ಯಾರೂ ಕುರ್ಚಿ ಹತ್ತುತ್ತಿರಲಿಲ್ಲ.

ಅದಕ್ಕೇ ಇನ್ನು ಮುಂದೆ ನಮ್ಮಲ್ಲಿ "ನಾನು ಹೀಗೆ ಮಾಡುವುದಿಲ್ಲ" ಅಂತ ನೂರು ಸಲ ಬರೆಸುವುದಿಲ್ಲ. ಅದರಿಂದ ಅಕ್ಷರ ಕೆಡುವುದು ಬಿಟ್ಟರೆ ಬೇರೇನೂ ಆಗಿದ್ದು ನಾನು ಕಂಡಿಲ್ಲ. ಒಂದು ಸಾದಾ ನೋಟ್‌ಬುಕ್ ಇಟ್ಟಿದ್ದೇವೆ. ಏನಾಯಿತು, ಎಲ್ಲಿ ತಪ್ಪಿತು, ಸರಿ ಮಾಡಲು ನಾನೇನು ಮಾಡುತ್ತೇನೆ ಅಂತ ಮಗು ತನ್ನ ಮಾತಿನಲ್ಲಿ ಬರೆಯಬೇಕು. ಅದನ್ನು ಮಗು, ತರಗತಿ ಶಿಕ್ಷಕರು, ನಾನು ಬಿಟ್ಟು ಇನ್ಯಾರೂ ಓದುವುದಿಲ್ಲ. ಮಕ್ಕಳಿಂದ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿಸುವುದೂ ಇಲ್ಲ. ಮೊದಲ ಪುಟ ನನ್ನದು.

ನಿಮ್ಮಿಂದ ಬೇಕಾಗಿರುವುದನ್ನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಳೆದ ವರ್ಷ ಒಂದು ಮಾರ್ಕ್ಸ್ ಕಾರ್ಡ್ ನನ್ನ ಕೈಗೆ ಬಂತು. ತಂದೆಯ ಸಹಿ ಇತ್ತು. ಬೆಳಕಿಗೆ ಹಿಡಿದರೆ ಪೆನ್ನಿನ ಗೆರೆಯ ಅಡಿಯಲ್ಲಿ ಪೆನ್ಸಿಲ್ ಗೆರೆ. ಮಗು ಮೊದಲು ಪೆನ್ಸಿಲ್‌ನಲ್ಲಿ ತಿದ್ದಿ ತಿದ್ದಿ ಅಭ್ಯಾಸ ಮಾಡಿ, ಆಮೇಲೆ ಪೆನ್ನು ಎಳೆದಿತ್ತು. ಪಾಪ, ಅಷ್ಟು ಶ್ರದ್ಧೆಯನ್ನು ಗಣಿತಕ್ಕೆ ಹಾಕಿದ್ದರೆ ಸಹಿ ಕದಿಯುವ ಪ್ರಮೇಯವೇ ಬರುತ್ತಿರಲಿಲ್ಲ. ಯಾಕೆ ಹೀಗೆ ಮಾಡಿದೆ ಅಂದರೆ, "ಹೋದ ಸಲ ತೋರಿಸಿದ್ದೆ ಮಿಸ್" ಅಂತಷ್ಟೇ ಹೇಳಿತು. ಹೋದ ಸಲ ಮನೆಯಲ್ಲಿ ಏನಾಗಿತ್ತು ಅನ್ನುವುದು ಅದರ ಮುಖದಲ್ಲೇ ಇತ್ತು. ನಿಜ ಹೇಳಿದ ದಿನವೇ ಏಟು ಬಿದ್ದರೆ ಮಗು ಕಲಿಯುವುದು ಗಣಿತ ಅಲ್ಲ, ಸಹಿ ಹಾಕುವುದನ್ನು.

ಇದರ ಉಲ್ಟಾ ಮನೆಗಳೂ ಇವೆ. ಮಗು ಏನು ಮಾಡಿದರೂ "ಅವನ ಫ್ರೆಂಡ್ಸ್ ಸರಿ ಇಲ್ಲ ಮಿಸ್", "ನಾನೇ ಬ್ಯಾಗಿಗೆ ಹಾಕೋದು ಮರೆತೆ ಮಿಸ್" ಅಂತ ಅಮ್ಮ ಮುಂದೆ ಬರುತ್ತಾರೆ. ಮಗು ಹಿಂದೆ ನಿಂತು ಕೇಳಿಸಿಕೊಳ್ಳುತ್ತದೆ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಹೀಗೆ ತಿಪ್ಪೆ ಸಾರಿಸಬೇಡಿ. ಪುಸ್ತಕ ಮರೆತು ಬಂದರೆ ಸ್ಕೂಟರಿನಲ್ಲಿ ತಂದು ಗೇಟಿನಲ್ಲಿ ಕೊಡಬೇಡಿ. ಮರೆತೆ ಅಂತ ಅದೇ ಹೇಳಲಿ. ಊಟದ ಡಬ್ಬಿ ಮರೆತರೆ ಮಾತ್ರ ಬೇರೆ ಮಾತು, ಅದನ್ನು ಖಂಡಿತ ತಂದುಕೊಡಿ.

ಬೆಂಗಳೂರಿನ ನಮ್ಮೆಲ್ಲರ ಒಂದು ಸುಳ್ಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಮನೆಯಲ್ಲಿ ಟವೆಲ್ ಸುತ್ತಿಕೊಂಡು ನಿಂತು ಫೋನಿನಲ್ಲಿ "ಗೊರಗುಂಟೆಪಾಳ್ಯ ಸಿಗ್ನಲ್ ಹತ್ರ ಇದೀನಿ, ಸಿಕ್ಕಾಪಟ್ಟೆ ಟ್ರಾಫಿಕ್" ಅನ್ನುತ್ತೇವೆ. ಪಕ್ಕದಲ್ಲಿ ಶೂ ಹಾಕಿಕೊಳ್ಳುತ್ತಿರುವ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ನಾನೂ ಹೇಳಿದ್ದೇನೆ, ನನ್ನದು ಬೇರೆ ಸಿಗ್ನಲ್ ಅಷ್ಟೇ.

ಆ ಹುಡುಗ ಹೇಗಿದ್ದಾನೆ ಅಂತ ಕೆಲವರು ಕೇಳಿದಿರಿ. ಎರಡು ದಿನ ನನ್ನ ಕಡೆ ನೋಡಲಿಲ್ಲ. ಅದು ಅವನ ಹಕ್ಕು, ನಾನು ಕ್ಷಮೆ ಕೇಳಿದ ಮಾತ್ರಕ್ಕೆ ಅವನು ನಗಬೇಕು ಅಂತೇನಿಲ್ಲ. ಪೈಪು ಯಾರ ಕೈಯಲ್ಲಿದೆಯೋ ಅವರೇ ನಲ್ಲಿ ನಿಲ್ಲಿಸಿ ಹೋಗಬೇಕು, ದೊಡ್ಡವರು "ನಾನು ನೋಡ್ಕೋತೀನಿ" ಅಂದರೂ ಕೊಡಬಾರದು ಅಂತ ಇಕೋ ಕ್ಲಬ್ಬಿನಲ್ಲಿ ಈಗ ರೂಲ್ ಮಾಡಿದ್ದಾರೆ. ನಿನ್ನೆ ಸಂಜೆ ಗಿಡಗಳ ಹತ್ತಿರ ಹೋಗಿದ್ದೆ. ಅವನು ಪೈಪು ಸುತ್ತುತ್ತಿದ್ದ. ನಾನು ಕೈ ಚಾಚಿದೆ. "ಬೇಡ ಮಿಸ್" ಅಂದ. ಸ್ವಲ್ಪ ನಕ್ಕ ಹಾಗಿತ್ತು.

ಈ ಶನಿವಾರ ಬೆಳಿಗ್ಗೆ 9ರಿಂದ ಪೋಷಕರ ಸಭೆ ಇದೆ. ಮಾರ್ಕ್ಸ್ ಕಾರ್ಡುಗಳನ್ನು ಅಲ್ಲಿಯೇ ಕೊಡುತ್ತೇವೆ, ಸಹಿಯನ್ನೂ ಅಲ್ಲಿಯೇ ಹಾಕಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ತಡವಾದರೆ ತಡವಾಯಿತು ಅಂದರೆ ಸಾಕು, ಸಿಗ್ನಲ್ ಹೆಸರು ಬೇಡ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ