ಸಾಕ್ಷಿಯ ಮುಂದೆ ಕೂರುವ ಮೊದಲು

ಚಿ. ಸುಷ್ಮಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ತರಬೇತಿ ಮುಗಿಸಿ ಪ್ರೊಬೇಷನರಿ ಪಿಎಸ್‌ಐ ಆಗಿ ಠಾಣೆಗೆ ಹೋಗುತ್ತಿದ್ದೀಯ ಎಂದು ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಸಂತೋಷವಾಯಿತು. ಕಾನೂನು ನಿನಗೇ ಚೆನ್ನಾಗಿ ಗೊತ್ತು. ಈಗಂತೂ ಸೆಕ್ಷನ್ ನಂಬರುಗಳೆಲ್ಲ ಬದಲಾಗಿ ನನ್ನ ಲೆಕ್ಕವೇ ತಪ್ಪಿದೆ. ಸೆಷನ್ಸ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ಕೂತು ಕಂಡ ಒಂದು ಸಂಗತಿ ಮಾತ್ರ ಹೇಳುತ್ತೇನೆ. ಕಟಕಟೆಯಲ್ಲಿ ತಪ್ಪು ಹೇಳುವವರೆಲ್ಲ ಸುಳ್ಳು ಹೇಳುವವರಲ್ಲ. ಕಣ್ಣಾರೆ ಕಂಡದ್ದು ಎಂದು ಮನಸಾರೆ ನಂಬಿಯೇ ಹೇಳುವವರು ಬಹಳ ಜನ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1984ರಲ್ಲಿ ನಡೆದದ್ದು ಕೇಳು. ಜೆನಿಫರ್ ಥಾಂಪ್ಸನ್ ಎಂಬ ಕಾಲೇಜು ಹುಡುಗಿಯ ಮೇಲೆ, ರಾತ್ರಿ ಮನೆಗೆ ನುಗ್ಗಿದವನೊಬ್ಬ ಅತ್ಯಾಚಾರ ಮಾಡಿದ. ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕು ಎಂದು ಆ ಹೊತ್ತಿನಲ್ಲೂ ಅವನ ಮುಖ ನೋಡಿ ನೆನಪಿಟ್ಟುಕೊಂಡ ಧೈರ್ಯವಂತೆ ಆಕೆ. ಪೊಲೀಸರು ತೋರಿಸಿದ ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬವನನ್ನು ಆರಿಸಿದಳು. ಆಮೇಲೆ ಜನರನ್ನೇ ಸಾಲಾಗಿ ನಿಲ್ಲಿಸಿದಾಗ ಇಬ್ಬರ ನಡುವೆ ಅನುಮಾನ ಬಂತು. ಕೊನೆಗೆ ಕಾಟನ್‌ನನ್ನೇ ತೋರಿಸಿದಳು. ಫೋಟೋಗಳಲ್ಲೂ ಸಾಲಿನಲ್ಲೂ ಇದ್ದವನು ಅವನೊಬ್ಬನೇ! ಅವತ್ತು ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ಹೇಳಿದರು. ಅಲ್ಲಿಗೆ ಆಕೆಯ ಅನುಮಾನ ಮುಗಿಯಿತು, ಕಾಟನ್‌ಗೆ ಜೈಲಾಯಿತು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಎದುರಿಗೇ ತಂದರೂ, ಇವನನ್ನು ನೋಡಿಯೇ ಇಲ್ಲ ಎಂದಳು. ಕಾಟನ್ ಹೊರಬಂದದ್ದು 1995ರಲ್ಲಿ, ಡಿಎನ್‌ಎ ಪರೀಕ್ಷೆಯಾದ ಮೇಲೆ.

ಆಕೆಯನ್ನು ದೂರಬೇಡ. ಪೊಲೀಸರೇ ತೋರಿಸುತ್ತಿದ್ದಾರೆ ಅಂದ ಮೇಲೆ ಇದರಲ್ಲಿ ಅವನು ಇದ್ದೇ ಇರುತ್ತಾನೆ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಇರುವವರಲ್ಲಿ ಜಾಸ್ತಿ ಹೋಲುವವನ ಕಡೆ ಕೈ ಹೋಗುತ್ತದೆ. ಆಮೇಲೆ ನೆನಪಿನಲ್ಲಿ ಕೂರುವುದು ಆ ಮುಖವೇ. ಭಯವೂ ಸುಮ್ಮನಿರುವುದಿಲ್ಲ. ಚಾಕು ಹಿಡಿದವನ ಎದುರು ನಿಂತವರ ಕಣ್ಣು ಚಾಕುವಿನಲ್ಲೇ ನೆಡುತ್ತದೆ, ಮುಖ ಮಸುಕಾಗುತ್ತದೆ.

ಭಯವೇ ಇಲ್ಲದ ಕಡೆಯೂ ಹೀಗಾಗುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರ ಸಂಶೋಧಕರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಕಾರುಗಳು ತಾಗಿದಾಗ ಎಷ್ಟು ವೇಗದಲ್ಲಿದ್ದವು ಎಂದು ಕೆಲವರನ್ನು ಕೇಳಿದರು, ಅಪ್ಪಳಿಸಿದಾಗ ಎಷ್ಟಿತ್ತು ಎಂದು ಇನ್ನು ಕೆಲವರನ್ನು. "ಅಪ್ಪಳಿಸಿದಾಗ" ಎಂಬ ಪ್ರಶ್ನೆ ಕೇಳಿಸಿಕೊಂಡವರು ವೇಗ ಹೆಚ್ಚು ಹೇಳಿದರು. ಇಂಥದ್ದೇ ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತ್ತಾ ಎಂದು ಕೇಳಿದರು. "ಅಪ್ಪಳಿಸಿದಾಗ" ಎಂಬ ಪ್ರಶ್ನೆ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಹೌದು ಎಂದರು, "ತಾಗಿದಾಗ" ಎಂಬ ಪ್ರಶ್ನೆಯ 50 ಜನರಲ್ಲಿ 7 ಮಂದಿ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ.

ಹಾಗಾಗಿ ಹೇಳಿಕೆ ಬರೆದುಕೊಳ್ಳುವಾಗ "ಕೆಂಪು ಶರ್ಟಿನವನು ಯಾವ ಕಡೆ ಓಡಿದ?" ಎಂದು ಶುರು ಮಾಡಬೇಡಮ್ಮ. "ಏನಾಯಿತು ಹೇಳಿ" ಅನ್ನು, ಆಮೇಲೆ ಬಾಯಿ ಮುಚ್ಚಿ ಕೂತುಕೋ. ನಮ್ಮ ಪೊಲೀಸರಿಗೆ ಕಷ್ಟವಾಗುವುದು ಇದೇ. ಇಬ್ಬರು ಸಾಕ್ಷಿಗಳನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಕಾಯಿಸಬೇಡ, ಟೀ ಕುಡಿಯುವಷ್ಟರಲ್ಲಿ ಇಬ್ಬರ ಕಥೆಯೂ ಒಂದೇ ಆಗಿರುತ್ತದೆ. ಆರೋಪಿಯನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಯಿಂದ ಗುರುತಿಸುವ ಗುರುತು ಪತ್ತೆ ಪರೇಡ್ ನಡೆಸುವವರು ಮ್ಯಾಜಿಸ್ಟ್ರೇಟರು, ನಿಜ. ಆದರೆ ಅದಕ್ಕೂ ಮುಂಚೆ ಆರೋಪಿಯ ಮುಖ ಸಾಕ್ಷಿಗೆ ಕಾಣದಂತೆ ನೋಡಿಕೊಳ್ಳುವುದು ನಿನ್ನ ಕೆಲಸ. ಮೊಬೈಲಿನಲ್ಲಿ ಫೋಟೋ ತೋರಿಸಿ "ಇವನೇನಾ?" ಎಂದು ಕೇಳುವ ಚಾಳಿ ಯಾರಾದರೂ ಕಲಿಸಿದರೆ ಕಲಿಯಬೇಡ. ಇಂಥವನೇ ಕಳ್ಳ ಎಂದು ನೀನು ಮೊದಲೇ ತೀರ್ಮಾನಿಸಿದ್ದರೆ ಅದು ನಿನ್ನ ಮುಖದಲ್ಲೇ ಸಾಕ್ಷಿಗೆ ಕಾಣುತ್ತದೆ, ಅದೂ ಗೊತ್ತಿರಲಿ.

ಸಾಕ್ಷಿ ತಡವರಿಸಿದರೆ ತಡವರಿಸಿದರು ಎಂದೇ ಬರೆ. ಕೇಸು ಸಡಿಲವಾಯಿತು ಎಂದು ಮೇಲಿನವರು ಬೈಯಬಹುದು. ಬೈಸಿಕೋ.

ಇಂತಿ,
ನಿನ್ನ ದೊಡ್ಡಪ್ಪ